ಊರ ಹೊರಗಿದ್ದ ರಸ್ತೆ



ಬೆಂಗಳೂರಿನ ಹೊರ ವರ್ತುಲ ರಸ್ತೆಯ ಬಗ್ಗೆ ಇವತ್ತು ನಾಲ್ಕು ಮಾತು. ಊರಿನವರ ಬಾಯಲ್ಲಿ ಅದು ರಿಂಗ್ ರೋಡ್. ಅದರ ಪಕ್ಕದ ಕಂಪನಿಗಳಲ್ಲಿ ಕೆಲಸ ಮಾಡುವವರ ಬಾಯಲ್ಲಿ ಓಆರ್‌ಆರ್. ಬೀದರಿನಲ್ಲೋ ಭಟ್ಕಳದಲ್ಲೋ ಕೂತು ಕೇಳುತ್ತಿರುವವರಿಗೆ, ನಮಗೂ ಆ ರಸ್ತೆಗೂ ಏನು ಸಂಬಂಧ ಅನ್ನಿಸಬಹುದು. ನಿಮ್ಮ ಮನೆಯ ಮಗನೋ ಸೊಸೆಯೋ ಅಲ್ಲಿನ ಯಾವುದೋ ಕಟ್ಟಡದಲ್ಲಿ ದುಡಿಯುತ್ತಿರಬಹುದು, ಅದೊಂದು ಸಂಬಂಧ. ಇನ್ನೊಂದು ಇದಕ್ಕಿಂತ ದೊಡ್ಡದು. ನಮ್ಮ ರಾಜ್ಯದ ದೊಡ್ಡ ಊರುಗಳೆಲ್ಲ ಈಗ ಒಂದೊಂದು ರಿಂಗ್ ರೋಡನ್ನೋ ಬೈಪಾಸನ್ನೋ ಕಟ್ಟಿಕೊಂಡಿವೆ, ಇಲ್ಲವೇ ಕಟ್ಟಿಸಿಕೊಳ್ಳುವ ತವಕದಲ್ಲಿವೆ. ಬೆಂಗಳೂರಿಗೆ ಏನಾಯಿತು ಎಂದು ನೋಡಿಕೊಂಡರೆ ಉಳಿದ ಊರುಗಳಿಗೆ ಬುದ್ಧಿ ಬರಲು ಅವಕಾಶವಿದೆ.

ಮೊದಲು, ಈ ರಸ್ತೆ ಯಾಕೆ ಹುಟ್ಟಿತು ಎಂಬ ವಿಷಯ. ಬೆಂಗಳೂರಿಗೆ ಎಲ್ಲ ದಿಕ್ಕಿನಿಂದಲೂ ಹೆದ್ದಾರಿಗಳು ಬಂದು ಸೇರುತ್ತವೆ. ತುಮಕೂರು ರಸ್ತೆ, ಬಳ್ಳಾರಿ ರಸ್ತೆ, ಹಳೇ ಮದ್ರಾಸು ರಸ್ತೆ, ಹೊಸೂರು ರಸ್ತೆ, ಕನಕಪುರ ರಸ್ತೆ, ಮೈಸೂರು ರಸ್ತೆ. ಎಲ್ಲವೂ ಊರಿನ ಹೊಟ್ಟೆಯೊಳಕ್ಕೇ ಬರುತ್ತಿದ್ದವು. ಪುಣೆಯಿಂದ ಚೆನ್ನೈಗೆ ಹೋಗುವ ಲಾರಿಗೆ ಬೆಂಗಳೂರಿನಲ್ಲಿ ಇಳಿಸುವುದೂ ಇಲ್ಲ, ಏರಿಸುವುದೂ ಇಲ್ಲ. ಆದರೂ ಅದು ಊರೊಳಗೆ ನುಗ್ಗಿಯೇ ಹೋಗಬೇಕಿತ್ತು. 1991ರ ಜನಗಣತಿಯ ಹೊತ್ತಿಗೆ ಬೆಂಗಳೂರಿನ ಜನಸಂಖ್ಯೆ ಸುಮಾರು 41 ಲಕ್ಷ. ಈ ಲಾರಿಗಳನ್ನು ಊರ ಹೊರಗಿನಿಂದಲೇ ದಾಟಿಸಿಬಿಡೋಣ ಎಂಬುದು ಲೆಕ್ಕಾಚಾರ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ 1990ರ ದಶಕದ ನಡುವಿನಿಂದ ತುಂಡು ತುಂಡಾಗಿ ರಸ್ತೆ ಕಟ್ಟುತ್ತ ಬಂತು. 2002ರ ಹೊತ್ತಿಗೆ ಸುಮಾರು 60 ಕಿಲೋಮೀಟರ್ ಉದ್ದದ ವರ್ತುಲ ಕೂಡಿಕೊಂಡಿತು. ಹೆಬ್ಬಾಳದ ಮೇಲ್ಸೇತುವೆಯೂ ಕೆ.ಆರ್. ಪುರದ ರೈಲು ಹಳಿಗಳ ಮೇಲಿನ ತೂಗುಸೇತುವೆಯೂ 2003ರಲ್ಲಿ ಬಳಕೆಗೆ ಬಂದವು. ಆ ಕಾಲಕ್ಕೆ ಅವೆರಡೂ ಜನ ನಿಂತು ನೋಡುವಂಥ ಕಟ್ಟೋಣಗಳು.

ಆಗಿನ ರಿಂಗ್ ರೋಡನ್ನು ಕಂಡವರಿಗೆ ನೆನಪಿರುತ್ತದೆ. ಮಾರತ್ತಹಳ್ಳಿಯಿಂದ ಇಬ್ಬಲೂರಿನ ಕಡೆಗೆ ಹೊರಟರೆ ರಾಗಿ ಹೊಲ, ನೀಲಗಿರಿ ತೋಪು, ಕೆರೆಯ ಅಂಗಳ. ಸಂಜೆಯಾದ ಮೇಲೆ ಲಾರಿಗಳ ಹೆಡ್‌ಲೈಟು ಬಿಟ್ಟರೆ ಬೆಳಕಿಲ್ಲ. ಬೆಳ್ಳಂದೂರು ಆಗ ಗ್ರಾಮ ಪಂಚಾಯಿತಿ. ಕೆ.ಆರ್. ಪುರ, ಮಹದೇವಪುರ, ಬೊಮ್ಮನಹಳ್ಳಿ ಇವೆಲ್ಲ ಬೇರೆ ಬೇರೆ ನಗರಸಭೆಗಳು. ಇವೆಲ್ಲ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದ್ದು 2007ರಲ್ಲಿ, ಅಂದರೆ ರಸ್ತೆ ಪೂರ್ತಿಯಾಗಿ ಐದು ವರ್ಷ ಕಳೆದ ಮೇಲೆ. ಈ ಐದು ವರ್ಷದ ಅಂತರವನ್ನು ಗಮನದಲ್ಲಿಟ್ಟುಕೊಳ್ಳಿ. ರಸ್ತೆ ಬಂದಾಗ ಅದರ ಅಕ್ಕಪಕ್ಕಕ್ಕೆ ಒಳಚರಂಡಿ ಹಾಕಬೇಕಾದವರು, ಅಡ್ಡರಸ್ತೆ ಗುರುತಿಸಬೇಕಾದವರು ಯಾರು? ಹಳ್ಳಿಯ ಪಂಚಾಯಿತಿಗೆ ಅಷ್ಟು ಶಕ್ತಿಯಿರಲಿಲ್ಲ. ಊರಿನ ಪಾಲಿಕೆಗೆ ಅದು ತನ್ನ ಗಡಿಯೊಳಗಿನ ಮಾತಾಗಿರಲಿಲ್ಲ.

ಅದೇ ಸಮಯಕ್ಕೆ ಸಾಫ್ಟ್‌ವೇರ್ ಕಂಪನಿಗಳಿಗೆ ಜಾಗ ಬೇಕಾಯಿತು. ಒಂದು ಕಡೆ ಎಲೆಕ್ಟ್ರಾನಿಕ್ ಸಿಟಿ, ಇನ್ನೊಂದು ಕಡೆ ವೈಟ್‌ಫೀಲ್ಡ್, ನಡುವೆ ಆರು ಪಥದ ಹೊಚ್ಚ ಹೊಸ ರಸ್ತೆ, ಅದರ ಎರಡೂ ಬದಿಗೆ ಅಗ್ಗದ ಹೊಲ. ಮುಂದಿನದು ಊಹಿಸಬಹುದಾದದ್ದೇ. ನಾಗವಾರದಲ್ಲಿ ಮಾನ್ಯತಾ, ಮಹದೇವಪುರದಲ್ಲಿ ಬಾಗ್ಮನೆ, ಕಾಡುಬೀಸನಹಳ್ಳಿಯಲ್ಲಿ ಪ್ರೆಸ್ಟೀಜ್, ದೇವರಬೀಸನಹಳ್ಳಿಯಲ್ಲಿ ಎಂಬಸಿ, ಬೆಳ್ಳಂದೂರಿನಲ್ಲಿ ಇಕೋಸ್ಪೇಸ್ ಹೀಗೆ ಟೆಕ್ ಪಾರ್ಕುಗಳು ಸಾಲುಗಟ್ಟಿದವು. ಎಲ್ಲದರ ಗೇಟು ರಿಂಗ್ ರೋಡಿನ ಮುಖಕ್ಕೇ. ಕಚೇರಿ ಬಂದಮೇಲೆ ಅಪಾರ್ಟ್‌ಮೆಂಟು, ಅದರ ಹಿಂದೆ ಪಿಜಿ, ಶಾಲೆ, ಆಸ್ಪತ್ರೆ, ಮಾಲು. 2001ರಲ್ಲಿ 57 ಲಕ್ಷವಿದ್ದ ಬೆಂಗಳೂರು 2011ರಲ್ಲಿ 85 ಲಕ್ಷವಾಯಿತು. ಊರನ್ನು ತಪ್ಪಿಸಿಕೊಂಡು ಹೋಗಲಿ ಎಂದು ಕಟ್ಟಿದ ರಸ್ತೆಗೇ ಊರು ಬಂದು ಅಂಟಿಕೊಂಡಿತು.

ಇಲ್ಲಿಯವರೆಗಿನದು ಎಲ್ಲರೂ ಹೇಳುವ ಕಥೆ. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇಲ್ಲಿಂದ ಮುಂದಿನದು. ರಿಂಗ್ ರೋಡಿನಲ್ಲಿ ಗಾಡಿಗಳು ಕಟ್ಟಿಕೊಂಡು ನಿಲ್ಲುವುದಕ್ಕೆ ಕಾರಣ ಅದರ ಅಗಲ ಸಾಲದಿರುವುದು ಎಂದು ನಾವು ತಿಳಿದಿದ್ದೇವೆ. ಅದರ ಬೆನ್ನಿಗೆ ಬೇರೆ ರಸ್ತೆಗಳಿಲ್ಲದಿರುವುದೇ ದೊಡ್ಡ ಕಾರಣ.

ಪೂರ್ವದ ಭಾಗವನ್ನೇ ತೆಗೆದುಕೊಳ್ಳಿ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಿಂದ ಕೆ.ಆರ್. ಪುರದವರೆಗೆ ಸುಮಾರು 17 ಕಿಲೋಮೀಟರ್. ಇದರ ಪಶ್ಚಿಮಕ್ಕೆ ಎಚ್‌ಎಎಲ್ ವಿಮಾನ ನಿಲ್ದಾಣ, ಸುತ್ತ ರಕ್ಷಣಾ ಇಲಾಖೆಯ ಜಮೀನು. ಅದರೊಳಗೆ ಹಾದು ಹೋಗುವಂತಿಲ್ಲ. ವಿಮಾನ ನಿಲ್ದಾಣದ ದಕ್ಷಿಣಕ್ಕೆ ಬೆಳ್ಳಂದೂರು ಕೆರೆ, ಊರಿನ ಅತಿ ದೊಡ್ಡ ಕೆರೆ; ರಸ್ತೆಯ ಆಚೆ ವರ್ತೂರು ಕೆರೆ. ರಸ್ತೆಯ ಪೂರ್ವಕ್ಕೆ ಹೊಸೂರಿನ ಕಡೆ ಹೋಗುವ ರೈಲು ಹಳಿ. ಅದನ್ನು ದಾಟಲು ಪಣತ್ತೂರಿನಂಥ ಕಡೆ ಇದ್ದದ್ದು ಎರಡು ಕಾರು ಎದುರಾದರೆ ಒಂದು ನಿಂತುಕೊಳ್ಳಬೇಕಾದ ಕೆಳಸೇತುವೆ. ಉಳಿದದ್ದು ಹಳ್ಳಿಯ ಗ್ರಾಮಠಾಣಾ ಓಣಿಗಳು, ಎತ್ತಿನ ಗಾಡಿಗೆ ಸಾಕಾಗುತ್ತಿದ್ದಂಥವು. ಇವೇ ಓಣಿಗಳ ಬದಿಗೆ ಹತ್ತು ಹದಿನೈದು ಮಹಡಿಯ ಅಪಾರ್ಟ್‌ಮೆಂಟುಗಳು ಎದ್ದವು. ಒಂದು ಬಡಾವಣೆಯಿಂದ ಪಕ್ಕದ ಬಡಾವಣೆಗೆ ಹೋಗಲು ದಾರಿಯಿಲ್ಲ, ನಡುವೆ ಕಾಂಪೌಂಡು. ಮಗುವನ್ನು ಒಂದೂವರೆ ಕಿಲೋಮೀಟರ್ ದೂರದ ಶಾಲೆಗೆ ಬಿಡಬೇಕಾದರೂ, ಒಂದು ಕಟ್ಟು ಸೊಪ್ಪು ತರಬೇಕಾದರೂ ರಿಂಗ್ ರೋಡಿಗೇ ಇಳಿಯಬೇಕು. ಕೃಷ್ಣಗಿರಿಗೆ ಹೊರಟ ಲಾರಿ, ಆಫೀಸಿನ ಕ್ಯಾಬು, ಶಾಲೆಯ ವ್ಯಾನು, ನೀರಿನ ಟ್ಯಾಂಕರು, ಊಟ ಹೊತ್ತ ಡೆಲಿವರಿ ಹುಡುಗನ ಬೈಕು, ಎಲ್ಲವೂ ಒಂದೇ ಕಡೆ. ಮದುವೆಮನೆಯ ಅಡುಗೆಯನ್ನೆಲ್ಲ ಒಂದೇ ಒಲೆಯ ಮೇಲೆ ಮಾಡಹೊರಟಂತೆ. ಒಲೆಯನ್ನು ಎಷ್ಟು ದೊಡ್ಡದು ಮಾಡಿದರೂ ಪಾತ್ರೆಗಳು ಕಾಯುತ್ತಲೇ ಇರುತ್ತವೆ.

ಇದಕ್ಕೆ ನಾವು ಕಂಡುಕೊಂಡ ಪರಿಹಾರವೇನು? ಸಿಗ್ನಲ್ ತೆಗೆಯುವುದು. ಸಿಗ್ನಲ್ ಇಲ್ಲದ ಕಾರಿಡಾರ್ ಎಂಬ ಹೆಸರಿನಲ್ಲಿ ಸಿಲ್ಕ್ ಬೋರ್ಡಿನಿಂದ ಹೆಬ್ಬಾಳದವರೆಗೆ ಒಂದಾದ ಮೇಲೊಂದು ಮೇಲ್ಸೇತುವೆ, ಕೆಳಸೇತುವೆ ಬಂದವು. ಒಂದು ಸೇತುವೆ ಉದ್ಘಾಟನೆಯಾದಾಗ ಆ ಜಂಕ್ಷನ್ನಿನಲ್ಲಿ ನಿಜಕ್ಕೂ ಹಗುರವಾಗುತ್ತಿತ್ತು. ಆದರೆ ಅಲ್ಲಿ ಬೇಗ ದಾಟಿದ ಗಾಡಿಗಳು ಮುಂದಿನ ಜಂಕ್ಷನ್ನಿಗೆ ಬೇಗ ಹೋಗಿ ನಿಲ್ಲುತ್ತಿದ್ದವು. ಹಾಗೆ ದೂಡಿ ದೂಡಿ ಕೊನೆಗೆ ಎಲ್ಲವೂ ಬಂದು ಬಿದ್ದದ್ದು ಸಿಲ್ಕ್ ಬೋರ್ಡಿಗೆ. 2010ರಲ್ಲಿ ಬೊಮ್ಮನಹಳ್ಳಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಸುಮಾರು 10 ಕಿಲೋಮೀಟರಿನ ಎತ್ತರದ ಹೆದ್ದಾರಿ ತೆರೆದ ಮೇಲೆ ಅದರಿಂದ ಇಳಿದು ಬರುವವರೂ ಇದೇ ಬಾಯಿಗೆ ಸೇರಿಕೊಂಡರು. ಬಿಟಿಎಂ, ಎಚ್‌ಎಸ್‌ಆರ್, ಮಡಿವಾಳ, ಹೊಸೂರು ರಸ್ತೆ, ಎಲ್ಲರಿಗೂ ಅದೇ ಕೂಡುದಾರಿ. 2024ರ ಜುಲೈಯಲ್ಲಿ ರಾಗಿಗುಡ್ಡದಿಂದ ಅಲ್ಲಿಗೆ ಎರಡಂತಸ್ತಿನ ಸೇತುವೆ ಬಂತು. ನೆಲದಿಂದ 8 ಮೀಟರ್ ಎತ್ತರದಲ್ಲಿ ರಸ್ತೆ, 16 ಮೀಟರ್ ಎತ್ತರದಲ್ಲಿ ಮೆಟ್ರೊ. ಎಂಜಿನಿಯರುಗಳ ಕೈಚಳಕ ಮೆಚ್ಚಬೇಕಾದದ್ದೇ. ಆದರೆ ಸೇತುವೆಗಳು ಎಷ್ಟೇ ಚೆನ್ನಾಗಿದ್ದರೂ ಹಿಂದಿನ ಓಣಿಗಳ ಕೊರತೆಯನ್ನು ಅವು ತುಂಬಲಾರವು.

ಇದು ನಮ್ಮೂರಿನ ಹಣೆಬರಹ ಮಾತ್ರವೂ ಅಲ್ಲ. ಜಿಲ್ ಡುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ ನಗರಗಳ ಹೆದ್ದಾರಿಗಳನ್ನು ಅಧ್ಯಯನ ಮಾಡಿ 2011ರಲ್ಲಿ ಒಂದು ಲೇಖನ ಪ್ರಕಟಿಸಿದರು. ಹೆದ್ದಾರಿಯ ಪಥಗಳು ಎಷ್ಟು ಪಾಲು ಹೆಚ್ಚಿದವೋ ಗಾಡಿಗಳ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಚ್ಚಿತು ಎಂಬುದು ಅವರು ಕಂಡ ಸಂಗತಿ. ಜಾಗ ಇದೆ ಎಂದು ಗೊತ್ತಾದ ಕೂಡಲೇ ಹೊಸ ಗಾಡಿ ಹೊರಡುತ್ತದೆ, ಮನೆ ಇನ್ನಷ್ಟು ದೂರಕ್ಕೆ ಹೋಗುತ್ತದೆ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಆಗಲೇ ಒಂದು ಕೋಟಿ ದಾಟಿವೆ.

ಇನ್ನು ಈ ರಸ್ತೆಯಲ್ಲಿ ಗಾಡಿ ಇಲ್ಲದವರ ಪಾಡೇನು? ಕಾಡುಬೀಸನಹಳ್ಳಿಯ ಬಸ್ ಸ್ಟಾಪಿನಲ್ಲಿ ಬೆಳಗ್ಗೆ ಎಂಟೂವರೆಗೆ ನಿಂತು ನೋಡಿ. ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸ ಮುಗಿಸಿ ಇನ್ನೊಂದು ಮನೆಗೆ ಹೊರಟ ಹೆಂಗಸರು, ಸೆಕ್ಯುರಿಟಿ ಡ್ಯೂಟಿ ಮುಗಿದು ಕಣ್ಣು ಕೆಂಪಾದವರು, ಕೊರಳಲ್ಲಿ ಬಣ್ಣದ ಪಟ್ಟಿಯ ಐಡಿ ಕಾರ್ಡು ಹಾಕಿಕೊಂಡ ಹುಡುಗ ಹುಡುಗಿಯರು, ಎಲ್ಲರೂ 500 ನಂಬರಿನ ಬಸ್ಸಿಗೆ ಕತ್ತು ಚಾಚಿ ನಿಂತಿರುತ್ತಾರೆ. ಸ್ಟಾಪಿನ ಮುಂದೆ ಕ್ಯಾಬುಗಳು ನಿಂತಿರುವುದರಿಂದ ಬಸ್ಸು ನಡುರಸ್ತೆಯಲ್ಲೇ ನಿಲ್ಲುತ್ತದೆ. ಬೈಕುಗಳ ನಡುವೆ ನುಸುಳಿ ಹತ್ತಬೇಕು. ಒಂದು ದಿನ ಅಲ್ಲೊಬ್ಬ ಹೆಂಗಸು, ವಯಸ್ಸು ಐವತ್ತರ ಹತ್ತಿರ, ನಡುವಿನ ಕಬ್ಬಿಣದ ಬೇಲಿಯಲ್ಲಿ ಯಾರೋ ಸರಳು ಬಗ್ಗಿಸಿ ಮಾಡಿದ್ದ ಸಂದಿನಲ್ಲಿ ತೂರಿ ಈಚೆ ಬಂದಳು. ಮಾತಿನಲ್ಲೇ ಗೊತ್ತಾಯಿತು, ಯಾದಗಿರಿ ಕಡೆಯವಳು. 'ಅಕ್ಕಾರ, ಮೇಲೆ ನಡೆಯೋ ಸೇತುವೆ ಇದೆಯಲ್ಲ' ಎಂದೆ. 'ಮ್ಯಾಲ ಹತ್ತಿ ಕೆಳಗ ಇಳಿಯೋದ್ರಾಗ ಬಸ್ಸು ಹೋಗಿರ್ತದ್ರೀ ಅಣ್ಣಾರ. ಮೊಣಕಾಲು ಬ್ಯಾರೆ ನೋಯ್ತಾವ' ಎಂದಳು. ಅವಳು ಕೆಲಸ ಮಾಡುವ ಮನೆ ರಸ್ತೆಯ ಆ ಕಡೆ, ವಾಸದ ಶೆಡ್ಡು ಈ ಕಡೆ. ದಿನಕ್ಕೆ ಎರಡು ಸಲ ಅವಳು ಪ್ರಾಣ ಕೈಯಲ್ಲಿ ಹಿಡಿದು ದಾಟುತ್ತಾಳೆ. ಸಿಗ್ನಲ್ ಇಲ್ಲದ ರಸ್ತೆ ಎಂದರೆ ಕಾರಿನವನಿಗೆ ನಿಲ್ಲದೆ ಹೋಗುವ ರಸ್ತೆ. ಅವಳಿಗೆ ಅದು ಗಾಡಿಗಳು ಎಂದೂ ನಿಲ್ಲದ ರಸ್ತೆ.

ನಡೆಯುವವರನ್ನು ಮರೆತಂತೆಯೇ ಈ ರಸ್ತೆ ಮರೆತ ಇನ್ನೊಂದು ಸಂಗತಿ ನೀರು. ಬೆಂಗಳೂರಿನ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸರಪಳಿಯಾಗಿ ಕಟ್ಟಿದಂಥವು. ಆ ನೀರು ಹರಿಯುವ ರಾಜಕಾಲುವೆಗಳಿಗೆ ರಿಂಗ್ ರೋಡ್ ಅಲ್ಲಲ್ಲಿ ಅಡ್ಡವಾಗಿ ಬಂತು. ಆಮೇಲೆ ಅದರ ಬದಿಯ ಕಟ್ಟಡಗಳು ಕಾಲುವೆಗಳನ್ನು ಇನ್ನಷ್ಟು ಒತ್ತಿದವು. 2022ರ ಆಗಸ್ಟ್ ಕೊನೆಗೆ ಹೊಯ್ದ ಮಳೆಗೆ ಬೆಳ್ಳಂದೂರಿನ ಟೆಕ್ ಪಾರ್ಕಿನ ಮುಂದೆ ರಸ್ತೆಯೇ ಹೊಳೆಯಾಯಿತು. ಸೆಪ್ಟೆಂಬರ್ 4ರ ರಾತ್ರಿ ಮತ್ತೆ ಸುಮಾರು 13 ಸೆಂಟಿಮೀಟರ್ ಮಳೆ. ಮರುದಿನ ಬೆಳಗ್ಗೆ ಲ್ಯಾಪ್‌ಟಾಪ್ ಚೀಲ ಎದೆಗವಚಿಕೊಂಡು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ನಿಂತು ಆಫೀಸಿಗೆ ಹೊರಟವರ ಚಿತ್ರಗಳನ್ನು ದೇಶವೆಲ್ಲ ನೋಡಿತು. ಆಗಸ್ಟ್ 30ರ ಒಂದೇ ದಿನ ನೌಕರರು ಐದು ಗಂಟೆ ರಸ್ತೆಯಲ್ಲಿ ಸಿಕ್ಕಿಬಿದ್ದು 225 ಕೋಟಿ ರೂಪಾಯಿ ನಷ್ಟವಾಯಿತೆಂದು ಅಲ್ಲಿನ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆಯಿತು. ಪಕ್ಕದ ಕಾಲುವೆಯನ್ನು ಮುಚ್ಚಿದರೆ ರಸ್ತೆಯೇ ಕಾಲುವೆಯಾಗುತ್ತದೆ ಎಂಬುದನ್ನು ತಿಳಿಯಲು ನಮಗೆ ಅಷ್ಟು ದುಡ್ಡು ಬೇಕಾಯಿತು.

ಹಾಗೆಂದು ಈ ರಸ್ತೆಯಲ್ಲಿ ಒಳ್ಳೆಯದೇನೂ ಆಗಿಲ್ಲವೆಂದಲ್ಲ. 2019ರ ಅಕ್ಟೋಬರಿನಲ್ಲಿ ಸಿಲ್ಕ್ ಬೋರ್ಡ್ ಮತ್ತು ಕೆ.ಆರ್. ಪುರದ ನಡುವೆ ಒಂದು ಪಥವನ್ನು ಬಸ್ಸಿಗೆಂದೇ ಮೀಸಲಿಟ್ಟರು. ಗಿಡ್ಡ ಕಂಬಗಳನ್ನು ನೆಟ್ಟು ಬೇರೆ ಗಾಡಿ ಬರದಂತೆ ಬೇಲಿ ಮಾಡಿದರು. ಪಕ್ಕದಲ್ಲಿ ಕಾರುಗಳು ನಿಂತಿರುವಾಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಬರುವ 500-ಡಿ ಬಸ್ಸು ಸರಾಗವಾಗಿ ಮುಂದೆ ಹೋಗುವುದನ್ನು ಜನ ಕಣ್ಣಾರೆ ಕಂಡರು. ಲೆಕ್ಕ ಸರಳ. ಅರ್ಧ ನಿಮಿಷಕ್ಕೊಂದು ಬಸ್ಸು ಬಂದರೆ ಗಂಟೆಗೆ 120 ಬಸ್ಸು. ಒಂದೊಂದರಲ್ಲಿ 50 ಜನವೆಂದರೂ 6,000 ಜನ. ಅದೇ ಪಥದಲ್ಲಿ ಕಾರು ಬಿಟ್ಟರೆ ಎಲ್ಲವೂ ಸುಸೂತ್ರವಾಗಿದ್ದಾಗಲೂ ಗಂಟೆಗೆ 2,000 ಕಾರು ದಾಟುವುದು ಕಷ್ಟ, ಒಂದೊಂದರಲ್ಲಿ ಒಬ್ಬರು, ಹೆಚ್ಚೆಂದರೆ ಇಬ್ಬರು. ಆದರೆ ಆರು ತಿಂಗಳು ತುಂಬುವುದರೊಳಗೆ ಕೊರೊನಾ ಬಂತು, ಕಚೇರಿಗಳು ಖಾಲಿಯಾದವು. ಆಮೇಲೆ ಮೆಟ್ರೊ ಕಾಮಗಾರಿ ಶುರುವಾಯಿತು, ಬಸ್ಸಿನ ಪಥ ಮಾಯವಾಯಿತು. ಪ್ರಯೋಗ ಸೋತು ನಿಂತದ್ದಲ್ಲ, ಮುಂದುವರಿಸುವವರಿಲ್ಲದೆ ನಿಂತದ್ದು.

ಈಗ ಮೆಟ್ರೊ ಬರುತ್ತಿದೆ. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರಕ್ಕೆ 19.75 ಕಿಲೋಮೀಟರ್, 13 ನಿಲ್ದಾಣ. ಅಲ್ಲಿಂದ ಹೆಬ್ಬಾಳದ ಮೇಲೆ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಇನ್ನೂ 38 ಕಿಲೋಮೀಟರ್. ಇದಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2021ರ ಏಪ್ರಿಲ್‌ನಲ್ಲಿ. ಪಶ್ಚಿಮದ ಭಾಗಕ್ಕೂ, ಅಂದರೆ ಜೆ.ಪಿ. ನಗರದಿಂದ ನಾಯಂಡಹಳ್ಳಿ, ಗೊರಗುಂಟೆಪಾಳ್ಯಗಳ ಮೂಲಕ ಹೆಬ್ಬಾಳದ ಬಳಿಯ ಕೆಂಪಾಪುರದವರೆಗೆ, 32 ಕಿಲೋಮೀಟರಿನ ಮಾರ್ಗಕ್ಕೆ 2024ರ ಆಗಸ್ಟ್‌ನಲ್ಲಿ ಒಪ್ಪಿಗೆಯಾಗಿದೆ. ಅಲ್ಲಿಗೆ ಹೊರ ವರ್ತುಲದ ಬಹುಪಾಲಿನ ಮೇಲೆ ರೈಲು ಓಡುತ್ತದೆ. ಆರು ಬೋಗಿಯ ಒಂದು ರೈಲು ಒಂದೂವರೆ ಸಾವಿರಕ್ಕೂ ಹೆಚ್ಚು ಜನರನ್ನು ಒಯ್ಯುತ್ತದೆ. ಇದರ ಜೊತೆಗೆ, ಹೀಲಲಿಗೆಯಿಂದ ರಾಜಾನುಕುಂಟೆಗೆ ಹೋಗುವ ಉಪನಗರ ರೈಲಿನ ಕನಕ ಮಾರ್ಗವೂ ಇದೇ ಪ್ರದೇಶವನ್ನು ಹಾದು ಹೋಗಬೇಕಿದೆ.

ಇವೆಲ್ಲ ಬೇಕಾದವೇ. ಆದರೆ ಮೆಟ್ರೊ ನಿಲ್ದಾಣ ಇರುವುದು ರಸ್ತೆಯ ಮೇಲೆ, ಆಕಾಶದಲ್ಲಿ. ಕೆಳಗಿಳಿದವರು ಎಲ್ಲಿಗೆ ಹೋಗಬೇಕು? ಕಾಂಪೌಂಡುಗಳನ್ನು ಸುತ್ತಿ, ಫುಟ್‌ಪಾತ್ ಇಲ್ಲದ ಓಣಿಯಲ್ಲಿ ಎರಡು ಕಿಲೋಮೀಟರ್ ನಡೆಯುವ ಬದಲು ಎಷ್ಟೋ ಜನ ಮತ್ತೆ ಬೈಕಿನ ಕೀಲಿಯನ್ನೇ ಕೈಗೆತ್ತಿಕೊಳ್ಳುತ್ತಾರೆ. ಆದ್ದರಿಂದ ಮೆಟ್ರೊಗೆ ಖರ್ಚು ಮಾಡುವ ಸಾವಿರಾರು ಕೋಟಿಯ ಪಕ್ಕದಲ್ಲಿ ಒಂದಿಷ್ಟು ನೂರು ಕೋಟಿಯನ್ನು ನಿಲ್ದಾಣದ ಸುತ್ತಲಿನ ದಾರಿಗಳಿಗೆ ಎತ್ತಿಡಬೇಕು. ಎರಡು ಟೆಕ್ ಪಾರ್ಕುಗಳ ನಡುವಿನ ಗೋಡೆಯಲ್ಲಿ ನಡೆಯುವವರಿಗೊಂದು ಬಾಗಿಲು ತೆಗೆಸಬೇಕು. ಹೊಸೂರಿನ ರೈಲು ಹಳಿಯ ಕೆಳಗೆ ನಾಲ್ಕಾರು ಕಡೆ ಅಗಲವಾದ ದಾರಿ ಬಿಡಿಸಬೇಕು. ಕಾಮಗಾರಿ ಮುಗಿದ ದಿನವೇ ಬಸ್ಸಿನ ಪಥವನ್ನು ಮತ್ತೆ ಗುರುತಿಸಬೇಕು. ತಡಮಾಡಿದರೆ ಆ ಜಾಗವನ್ನು ಕಾರುಗಳು ತಮ್ಮದೆಂದೇ ತಿಳಿಯುತ್ತವೆ. ಪ್ರತಿ ನಿಲ್ದಾಣದ ಬಳಿ ನೆಲದ ಮಟ್ಟದಲ್ಲೇ ರಸ್ತೆ ದಾಟಲು ಜನರಿಗೆ ಸಿಗ್ನಲ್ ಕೊಡಬೇಕು. ಸಿಗ್ನಲ್ ಎಂದರೆ ಹಿಂದಕ್ಕೆ ಹೋದಂತೆ ಎಂಬ ಭಾವನೆ ಹೋಗಬೇಕು. ಆ ರಸ್ತೆ ಈಗ ಊರೊಳಗಿನ ಬೀದಿ; ಬೀದಿಯನ್ನು ದಾಟುವುದು ಜನರ ಹಕ್ಕು.

ಇಷ್ಟು ಹೇಳಿದ ಮೇಲೆ, ಮುಂದೆ ಬರಲಿರುವ ದೊಡ್ಡ ಯೋಜನೆಗಳ ಕಡೆ ಒಂದು ನೋಟ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿಲೋಮೀಟರಿನ ಸುರಂಗ ರಸ್ತೆಯ ಪ್ರಸ್ತಾಪವಿದೆ. ಅಂದಾಜು ವೆಚ್ಚ 17 ಸಾವಿರ ಕೋಟಿಗೂ ಮೇಲೆ. ಅದರ ಎರಡೂ ಬಾಯಿ ತೆರೆಯುವುದು ಇದೇ ರಿಂಗ್ ರೋಡಿನ ಅತಿ ಇಕ್ಕಟ್ಟಿನ ಎರಡು ಜಂಕ್ಷನ್ನುಗಳಲ್ಲಿ. ಸುರಂಗದೊಳಗೆ ಎಷ್ಟೇ ವೇಗವಾಗಿ ಬಂದರೂ ಹೊರಬಿದ್ದ ಮೇಲೆ ಸೇರಬೇಕಾದದ್ದು ಅದೇ ಸಾಲಿಗೆ. ಇದರ ಜೊತೆಗೆ ಪೆರಿಫೆರಲ್ ರಿಂಗ್ ರೋಡ್, ಈಗಿನ ಹೆಸರಿನಲ್ಲಿ ಬೆಂಗಳೂರು ಬಿಸಿನೆಸ್ ಕಾರಿಡಾರ್. ತುಮಕೂರು ರಸ್ತೆಯಿಂದ ಬಳ್ಳಾರಿ ರಸ್ತೆ, ಹಳೇ ಮದ್ರಾಸು ರಸ್ತೆಗಳನ್ನು ದಾಟಿ ಹೊಸೂರು ರಸ್ತೆಗೆ ಸೇರುವ ಸುಮಾರು 73 ಕಿಲೋಮೀಟರಿನ ಈ ರಸ್ತೆಯ ಮಾತು ಎದ್ದು ಎರಡು ದಶಕವಾಯಿತು. ಜಮೀನು ಮಾರಲೂ ಆಗದೆ, ಅದರ ಮೇಲೆ ಸಾಲ ಎತ್ತಲೂ ಆಗದೆ, ಪರಿಹಾರವೂ ಕೈಗೆ ಬಾರದೆ ಅಲ್ಲಿನ ರೈತರು ಇಷ್ಟು ವರ್ಷ ಕಾದರು. ಅದರಾಚೆಗೆ ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಪೋಣಿಸುವ, ಒಟ್ಟು 280 ಕಿಲೋಮೀಟರಿನಷ್ಟು ಉದ್ದದ ಸ್ಯಾಟಲೈಟ್ ಟೌನ್ ರಿಂಗ್ ರೋಡ್ ಕೂಡ ತಲೆಯೆತ್ತುತ್ತಿದೆ.

ಹೊರಗಿನ ಲಾರಿಗಳಿಗೆ ಹೊರಗಿನ ದಾರಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ವರ್ತುಲ ತುಂಬಿತೆಂದು ಇನ್ನೊಂದು, ಅದೂ ತುಂಬಿತೆಂದು ಮತ್ತೊಂದು ಎಂದು ಹೋಗುತ್ತಿದ್ದರೆ ಎಲ್ಲಿ ನಿಲ್ಲುವುದು? ಹೊಸ ವರ್ತುಲ ಉಳಿಯಬೇಕಾದರೆ ಎರಡು ಕೆಲಸ ರಸ್ತೆಗಿಂತ ಮುಂಚೆ ಆಗಬೇಕು. ಒಂದು, ಅದಕ್ಕೆ ಯಾರ ಗೇಟೂ ನೇರವಾಗಿ ತೆರೆಯಬಾರದು. ಗೊತ್ತುಮಾಡಿದ ಜಾಗಗಳಲ್ಲಿ ಮಾತ್ರ ಒಳಗೆ ಬರುವುದು, ಹೊರಗೆ ಹೋಗುವುದು. ಎರಡು, ಅದರ ಬೆನ್ನಿಗೆ ಅಡ್ಡರಸ್ತೆ, ರಾಜಕಾಲುವೆ, ಬಸ್ ನಿಲ್ದಾಣಗಳ ನಕ್ಷೆಯನ್ನು ಮೊದಲೇ ಗೆರೆ ಎಳೆದು, ಆ ಜಾಗವನ್ನು ಕಟ್ಟಡಗಳಿಂದ ಕಾಪಾಡಿಕೊಳ್ಳಬೇಕು. ಕಟ್ಟಡ ಎದ್ದ ಮೇಲೆ ಓಣಿ ಅಗಲ ಮಾಡುವುದಕ್ಕೆ ಹಣವೂ ಸಾಲದು, ಕೋರ್ಟಿನ ಆಯುಸ್ಸೂ ಸಾಲದು.

ಬೆಂಗಳೂರಿಗೆ ಇದು ತಡವಾಗಿ ಹೊಳೆದ ಬುದ್ಧಿ. ಮೈಸೂರಿನ ಸುಮಾರು 42 ಕಿಲೋಮೀಟರಿನ ರಿಂಗ್ ರೋಡಿನ ಬದಿಗೆ ಇನ್ನೂ ಹಲವು ಕಡೆ ಬಯಲು ಕಾಣುತ್ತದೆ. ಹುಬ್ಬಳ್ಳಿ-ಧಾರವಾಡದ ಬೈಪಾಸು, ತುಮಕೂರು, ಕಲಬುರಗಿ, ದಾವಣಗೆರೆಗಳ ಹೊರರಸ್ತೆಗಳು ಇನ್ನೂ ಪೂರ್ತಿ ಊರಾಗಿಲ್ಲ. ನಿಮ್ಮೂರಿನ ರಿಂಗ್ ರೋಡಿನ ಪಕ್ಕದ ಹೊಲಕ್ಕೆ ಹೊಸ ಲೇಔಟಿನ ಬೋರ್ಡು ಬಿದ್ದಾಗ, ಸೈಟಿನ ಬೆಲೆ ಕೇಳುವ ಮೊದಲು ಮೂರು ಪ್ರಶ್ನೆ ಕೇಳಿ. ಇದರ ಹಿಂದಿನ ದಾರಿ ಎಲ್ಲಿಗೆ ಹೋಗುತ್ತದೆ? ಮಳೆ ನೀರು ಎಲ್ಲಿಗೆ ಹೋಗುತ್ತದೆ? ಇಲ್ಲಿಂದ ಬಸ್ ಸ್ಟಾಪಿಗೆ ನಡೆದು ಹೋಗಬಹುದೆ? ಮೂರಕ್ಕೂ ಉತ್ತರ ಸಿಗದಿದ್ದರೆ, ಆ ಲೇಔಟಿಗೆ ಮಂಜೂರಾತಿ ಕೊಡುವ ಕಚೇರಿಯಲ್ಲಿ ಈಗಲೇ ಆಕ್ಷೇಪಣೆ ಸಲ್ಲಿಸಿ. ಅರ್ಜಿ ಕೊಡುವುದಕ್ಕೆ ಖರ್ಚು ಕಡಿಮೆ. ಇಪ್ಪತ್ತು ವರ್ಷದ ಮೇಲೆ ಮೇಲ್ಸೇತುವೆ ಕಟ್ಟುವುದಕ್ಕೆ ಬಹಳ.